ನಾಯಿ ಹೊರಗಿರಲಿ ಅಂದವರ ಮುಂದೆ ಮೋರಿಸ್ ಫ್ರ್ಯಾಂಕ್

ನಮ್ಮ ಮನೆಯಲ್ಲಿ ಒಬ್ಬ ಕಾಕಾ ಇದ್ದಾರೆ. ಅಪ್ಪನ ಸಣ್ಣ ತಮ್ಮ. ಮೂರು ವರ್ಷದ ಕೂಸಿದ್ದಾಗಲೇ ಅವರ ಎರಡೂ ಕಣ್ಣು ಹೋದವು. ಊರು ಜೇವರ್ಗಿ. ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನ ಸೀಮೆಯವರಿಗೆ ಇದೇನು ಹೊಸದಲ್ಲ. ಭಜನೆ ಎಲ್ಲಿದ್ದರೂ ಹೋಗಬೇಕು: ಇವತ್ತು ಅಫಜಲಪುರ ತಾಲೂಕಿನ ಒಂದು ಹಳ್ಳಿ, ಮುಂದಿನ ವಾರ ಆಳಂದದ ಕಡೆ. ನನಗೆ ಒಂಬತ್ತು ವರ್ಷ ಆದಾಗಿನಿಂದ ಹದಿನಾಲ್ಕರವರೆಗೆ ಅವರ ಕೈ ಹಿಡಿದು ಕರೆದೊಯ್ಯುವ ಕೆಲಸ ನನ್ನದಾಗಿತ್ತು.

ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಬ್ಯಾಸರ ತರಿಸುತ್ತಿತ್ತು. ರಾತ್ರಿಯೆಲ್ಲ ಭಜನೆ, ಬೆಳಗಿನ ಬಸ್ಸು, ಶಾಲೆ ತಪ್ಪಿಸಿದ್ದಕ್ಕೆ ಮಾಸ್ತರರ ಏಟು. ಒಮ್ಮೆ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಕಾನ ಒಂದು ಕಟ್ಟೆ ಮೇಲೆ ಕೂಡಿಸಿ, ಐದು ನಿಮಿಷದಾಗ ಬರ್ತೀನಿ ಅಂತ ಹೇಳಿ, ಹಿಂದಿನ ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಜೊತೆ ಸೇರಿಬಿಟ್ಟೆ. ವಾಪಸ್ ಬಂದಾಗ ಎರಡು ತಾಸು ಆಗಿತ್ತು. ಕಾಕಾ ಕೂತಲ್ಲೇ ಕೂತಿದ್ದರು. ಒಂದಕ್ಕೆ ಹೋಗಬೇಕಿತ್ತಂತೆ, ಗುರುತಿಲ್ಲದವರನ್ನು ಕೇಳಲಾಗದೆ ತಡೆದುಕೊಂಡಿದ್ದರು. ಬೈಯಲಿಲ್ಲ. ಬಸ್ಸು ಹೋಯ್ತೇನೋ ಅಂತ ಮಾತ್ರ ಕೇಳಿದರು.

ಇಷ್ಟು ವರ್ಷದ ಮೇಲೆ ಇದು ಮತ್ತೆ ನೆನಪಾಗಿದ್ದು ಮೋರಿಸ್ ಫ್ರ್ಯಾಂಕ್‌ನ ಬದುಕಿನ ಕಥೆ ಓದುವಾಗ. ಅಮೆರಿಕದವನು, 1980ರಲ್ಲಿ ತೀರಿಹೋದ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ, ಅಂದರೆ ಗೈಡ್ ಡಾಗ್, ಇವತ್ತು ಅನೇಕ ದೇಶಗಳಲ್ಲಿ ಹೋಟೆಲು, ರೈಲು, ವಿಮಾನಗಳೊಳಗೆ ಹಕ್ಕಿನಿಂದ ಕಾಲಿಡುತ್ತದಲ್ಲ, ಅದರ ಹಿಂದೆ ಇವನ ಜಗಳ ಇದೆ. ಅವನ ಬದುಕಿನಲ್ಲೂ ಕೈ ಬಿಟ್ಟು ಆಡಲಿಕ್ಕೆ ಓಡಿಹೋಗುವ ಒಬ್ಬ ಹುಡುಗ ಬರುತ್ತಾನೆ. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ.

ಮೋರಿಸ್ ಹುಟ್ಟಿದ್ದು 1908ರ ಮಾರ್ಚ್ 23ರಂದು, ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಕೈಯಲ್ಲಿ ನಾಲ್ಕು ಕಾಸಿದ್ದ ಮನೆ. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಹುಡುಗನಾಗಿದ್ದಾಗ ತಾಯಿಗೆ ದಾರಿ ತೋರಿಸುತ್ತಿದ್ದವನು ಇವನೇ. ಆರನೇ ವರ್ಷದಲ್ಲಿ ಕುದುರೆ ಸವಾರಿ ಮಾಡುವಾಗ ಮರದ ಟೊಂಗೆ ಬಡಿದು ಒಂದು ಕಣ್ಣು ಹೋಯಿತು. ಹದಿನಾರನೇ ವರ್ಷದಲ್ಲಿ ಬಾಕ್ಸಿಂಗ್ ಆಡುವಾಗ ಬಿದ್ದ ಪೆಟ್ಟಿಗೆ ಇನ್ನೊಂದೂ ಹೋಯಿತು. ತಾಯಿಯ ಕೈ ಹಿಡಿದು ನಡೆಸುತ್ತಿದ್ದವನಿಗೆ ಈಗ ತನ್ನ ಕೈ ಹಿಡಿಯುವವರು ಬೇಕಾದರು.

ಎದೆಗುಂದಿ ಮನೆಯಲ್ಲಿ ಕೂರುವ ಜಾತಿ ಅವನದಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದ, ವಿಮೆ ಮಾರಿದ. ಓಡಾಟಕ್ಕೆ ಪಗಾರ ಕೊಟ್ಟು ಒಬ್ಬ ಹುಡುಗನನ್ನು ಇಟ್ಟುಕೊಂಡ. ಆ ಹುಡುಗನಿಗೋ ಇದರಲ್ಲಿ ಆಸಕ್ತಿಯಿಲ್ಲ. ಲೇಟಾಗಿ ಬರುತ್ತಿದ್ದ, ನಡುವೆ ಎಲ್ಲೋ ಮಾಯವಾಗುತ್ತಿದ್ದ. ಗಿರಾಕಿಯ ಮನೆ ಮುಂದೆ ವಿಮೆ ಏಜೆಂಟ್ ಹುಡುಗನ ದಾರಿ ಕಾಯುತ್ತ ನಿಲ್ಲಬೇಕಿತ್ತು. ಕ್ಷೌರದಂಗಡಿಗೆ ಯಾರೋ ಬಿಟ್ಟು ಹೋದರೆ, ಅವರು ನೆನಪು ಮಾಡಿಕೊಂಡು ಬರುವತನಕ ಸಾಮಾನಿನ ಗಂಟಿನ ಹಾಗೆ ಅಲ್ಲೇ ಬಿದ್ದಿರಬೇಕು.

1927ರ ನವೆಂಬರ್‌ನಲ್ಲಿ ಅಪ್ಪ ಅವನಿಗೆ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯ ಒಂದು ಲೇಖನ ಓದಿ ಹೇಳಿದರು. ಬರೆದವಳು ಡೊರೊತಿ ಹ್ಯಾರಿಸನ್ ಯುಸ್ಟಿಸ್. ಅಮೆರಿಕದ ಸಿರಿವಂತೆ. ಸ್ವಿಟ್ಜರ್ಲೆಂಡಿನಲ್ಲಿ ಫಾರ್ಚುನೇಟ್ ಫೀಲ್ಡ್ಸ್ ಎಂಬ ಜಾಗದಲ್ಲಿ ಜರ್ಮನ್ ಶೆಫರ್ಡ್ ನಾಯಿ ಸಾಕಿ, ಪೊಲೀಸರಿಗೆ, ಸೈನ್ಯಕ್ಕೆ ತಯಾರು ಮಾಡುತ್ತಿದ್ದಳು. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ನಾಯಿಗಳು ದಾರಿ ತೋರಿಸುವುದನ್ನು ನೋಡಿ ಬೆರಗಾಗಿ ಅದನ್ನೇ ಬರೆದಿದ್ದಳು. ಮೊದಲ ಮಹಾಯುದ್ಧದ ವಿಷಾನಿಲಕ್ಕೆ ಸಾವಿರಾರು ಜನ ಕಣ್ಣು ಕಳೆದುಕೊಂಡಿದ್ದರು. ಇಂಥ ಮೊದಲ ಶಾಲೆಯನ್ನು 1916ರಲ್ಲಿ ಓಲ್ಡೆನ್‌ಬರ್ಗ್‌ನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯ ತೆರೆದಿದ್ದ. ಅಂದರೆ ಗೈಡ್ ಡಾಗ್ ಹುಟ್ಟಿದ್ದು ಯಾರದೋ ಕರುಣೆಯಿಂದಲ್ಲ, ಯುದ್ಧದ ಲೆಕ್ಕಾಚಾರದಿಂದ. ಮೋರಿಸ್ ಕೂಡಲೇ ಯುಸ್ಟಿಸ್‌ಗೆ ಕಾಗದ ಬರೆದ. ತನಗೊಂದು ನಾಯಿ ಬೇಕು, ತಯಾರಾಗಿ ಬಂದ ಮೇಲೆ ತನ್ನ ದೇಶದ ಉಳಿದವರಿಗೂ ಇದನ್ನು ಕಲಿಸುತ್ತೇನೆ ಅಂತ. ಹತ್ತೊಂಬತ್ತರ ಹುಡುಗ, ತನಗೆ ಬೇಕಾದ್ದನ್ನು ಕೇಳುವಾಗಲೇ ಇತರರಿಗೂ ಸೇರಿಸಿ ಕೇಳಿದ. ನನಗೆ ಅವನಲ್ಲಿ ಮೊದಲು ಇಷ್ಟವಾದದ್ದು ಇದು.

1928ರ ವಸಂತದಲ್ಲಿ ಹಡಗು ಹತ್ತಿದ. ಹೋಗುವಾಗ ಅವನ ಪ್ರಯಾಣ ಹೇಗಿತ್ತು ಗೊತ್ತಾ? ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಜವಾಬ್ದಾರಿಯಲ್ಲಿ, ಒಂದು ಪಾರ್ಸಲ್ಲಿನ ಹಾಗೆ. ಹಡಗಿನ ನೌಕರ ಹೊತ್ತಿಗೆ ಸರಿಯಾಗಿ ಹೊರಗೆ ಕರೆತಂದು ಕೂಡಿಸುತ್ತಿದ್ದ, ಆಮೇಲೆ ಕ್ಯಾಬಿನ್ನಿಗೆ ಒಯ್ದು ಬೀಗ ಹಾಕುತ್ತಿದ್ದ. ಸುರಕ್ಷತೆಗಾಗಿ ಅಂತೆ. ಅಂಗವಿಕಲರ ಬಗ್ಗೆ ಯಾರಾದರೂ ಸುರಕ್ಷತೆಯ ಮಾತು ಎತ್ತಿದಾಗ ನನಗೆ ಈಗ ಆ ಬೀಗ ನೆನಪಾಗುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಜ್ಯಾಕ್ ಹಂಫ್ರಿ ಎಂಬ ತರಬೇತುದಾರ ಅವನಿಗೆ ಒಂದು ಹೆಣ್ಣು ಜರ್ಮನ್ ಶೆಫರ್ಡ್ ಜೋಡಿ ಮಾಡಿದ. ಅದರ ಹೆಸರು ಕಿಸ್. ನಡುಬೀದಿಯಲ್ಲಿ ನಿಂತು ಕಿಸ್, ಕಿಸ್ ಅಂತ ಕೂಗಲು ಮೋರಿಸ್‌ಗೆ ನಾಚಿಕೆಯಾಯಿತು. ಬಡ್ಡಿ ಅಂತ ಹೆಸರು ಬದಲಿಸಿದ, ಗೆಳೆಯ ಅನ್ನುವ ಅರ್ಥದಲ್ಲಿ. ಬಡ್ಡಿ ಅಂದರೆ ನಮ್ಮ ತೊಗರಿ ಸೀಮೆಯ ರೈತರಿಗೆ ಬೇರೆಯದೇ ನೆನಪಾಗುತ್ತದೆ, ಅದು ಬಿಡಿ.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ಆಸ್ಪತ್ರೆಗೆ ನಡಿ ಅಂದರೆ ನಾಯಿ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ದಾರಿ ಗೊತ್ತಿರಬೇಕಾದ್ದು ಮನುಷ್ಯನಿಗೆ. ಮುಂದೆ, ಎಡಕ್ಕೆ, ಬಲಕ್ಕೆ ಎಂದು ಹೇಳುವವನು ಅವನು. ನಾಯಿಯ ಎದೆಗೆ ಕಟ್ಟಿದ ಪಟ್ಟಿಗೆ ಗಟ್ಟಿಯಾದ ಒಂದು ಹಿಡಿ ಇರುತ್ತದೆ. ನಾಯಿ ನಿಂತರೆ, ಬಾಗಿದರೆ, ಬಳಸಿ ನಡೆದರೆ ಆ ಹಿಡಿಯ ಮೂಲಕ ಕೈಗೆ ಗೊತ್ತಾಗುತ್ತದೆ. ಮೆಟ್ಟಿಲು ಬಂದರೆ, ಗುಂಡಿ ಬಂದರೆ, ತಲೆಗೆ ಬಡಿಯುವ ಕೊಂಬೆ ಬಂದರೆ ತಡೆಯುವುದು, ತಪ್ಪಿಸಿ ನಡೆಸುವುದು ನಾಯಿಯ ಕೆಲಸ. ರಸ್ತೆ ದಾಟುವಾಗ ಸಿಗ್ನಲ್ ದೀಪ ನೋಡಿ ಅದು ಹೊರಡುವುದಿಲ್ಲ. ವಾಹನಗಳ ಸದ್ದು ಕೇಳಿ ಮನುಷ್ಯ ಮುಂದೆ ಎನ್ನುತ್ತಾನೆ. ಆಗ ಗಾಡಿ ಬರುತ್ತಿದ್ದರೆ ನಾಯಿ ಕದಲುವುದಿಲ್ಲ. ಯಜಮಾನನ ಮಾತು ಎಲ್ಲಿ ಮೀರಬೇಕು ಅನ್ನುವುದನ್ನು ಕಲಿಸುವುದೇ ಈ ತರಬೇತಿಯ ಕಷ್ಟದ ಪಾಠ. ನಿಷ್ಠೆ ಅಂದರೆ ಬಾಲ ಅಲ್ಲಾಡಿಸುವುದು ಅಂದುಕೊಂಡಿರುವ ನಮ್ಮ ಪಕ್ಷದ ಕಾರ್ಯಕರ್ತರೂ ಒಂದೆರಡು ತಿಂಗಳು ಅಲ್ಲಿ ಹೋಗಿ ಕಲಿಯಬಹುದು.

ತರಬೇತಿಯ ದಿನಗಳಲ್ಲಿ ಒಮ್ಮೆ ಬೆದರಿದ ಕುದುರೆಗಳು ಅವರತ್ತ ನುಗ್ಗಿಬಂದಾಗ ಬಡ್ಡಿ ಅವನನ್ನು ರಸ್ತೆಬದಿಯ ದಿಬ್ಬಕ್ಕೆ ಎಳೆದೊಯ್ದು ಉಳಿಸಿತು. ಆದರೆ ಅವನು ಹಿಗ್ಗಿದ್ದು ಅದಕ್ಕಿಂತ ಹೆಚ್ಚಾಗಿ ಕ್ಷೌರದಂಗಡಿಗೆ ಹೋಗಿಬಂದ ದಿನ. ಯಾರನ್ನೂ ಕೇಳದೆ, ಯಾರ ದಾರಿಯನ್ನೂ ಕಾಯದೆ, ಬಡ್ಡಿಯ ಹಿಡಿ ಹಿಡಿದು ಹೋಗಿ, ಕೂದಲು ಕತ್ತರಿಸಿಕೊಂಡು, ದುಡ್ಡು ಕೊಟ್ಟು, ಎದ್ದು ಬಂದ. ಅಷ್ಟೇ. ಕಣ್ಣಿದ್ದವರಿಗೆ ಇದೊಂದು ಸುದ್ದಿಯೇ ಅಲ್ಲ.

1928ರ ಜೂನ್ 11ರಂದು ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಪತ್ರಕರ್ತರು ಸುತ್ತುವರಿದರು. ನಾಯಿ ದಾರಿ ತೋರಿಸುತ್ತದೆ ಅನ್ನುವುದನ್ನು ಅವರು ನಂಬಲಿಲ್ಲ. ಎದುರಿಗಿದ್ದ ವೆಸ್ಟ್ ಸ್ಟ್ರೀಟ್ ದಾಟಿ ತೋರಿಸಲಿ ನೋಡೋಣ ಅಂದರು. ಅಗಲವಾದ ರಸ್ತೆ, ಬಂದರಿನ ಲಾರಿಗಳ ಗದ್ದಲ. ಕಣ್ಣಿದ್ದವರೇ ಹೆದರುವ ಜಾಗ. ಮೋರಿಸ್ ಬಡ್ಡಿಗೆ ಹೇಳಿದ, ಇಬ್ಬರೂ ಹೆಜ್ಜೆ ಹೆಜ್ಜೆಗೂ ನಿಂತು, ಹಿಂದೆ ಸರಿದು, ಮುಂದೆ ನಡೆದು ದಾಟಿದರು. ಆಚೆ ದಡ ಮುಟ್ಟಿದ ಮೇಲೆ ಯುಸ್ಟಿಸ್‌ಗೆ ತಂತಿ ಕಳಿಸಿದ. ಅದರಲ್ಲಿದ್ದದ್ದು ಗೆದ್ದೆ ಅನ್ನುವ ಅರ್ಥದ ಒಂದೇ ಪದ.

1929ರ ಜನವರಿ 29ರಂದು ನ್ಯಾಶ್‌ವಿಲ್‌ನಲ್ಲಿ ದಿ ಸೀಯಿಂಗ್ ಐ ಎಂಬ ಶಾಲೆ ನೋಂದಣಿಯಾಯಿತು. ಹತ್ತು ಸಾವಿರ ಡಾಲರ್ ಯುಸ್ಟಿಸ್ ಕೊಟ್ಟಳು. ಮೊದಲ ತಂಡದಲ್ಲಿ ಇಬ್ಬರೇ ವಿದ್ಯಾರ್ಥಿಗಳು. 1931ರಲ್ಲಿ ಶಾಲೆ ನ್ಯೂಜೆರ್ಸಿಗೆ ಹೋಯಿತು, ಈಗಲೂ ಆ ರಾಜ್ಯದಲ್ಲೇ ಇದೆ. ಇಲ್ಲಿ ಒಂದು ವಿಚಾರ ಗಮನಿಸಿ. ಶಾಲೆ ನಾಯಿಯನ್ನು ಪುಕ್ಕಟೆ ಕೊಡಲಿಲ್ಲ. ನಿಜವಾದ ಖರ್ಚು ಇದಕ್ಕಿಂತ ಎಷ್ಟೋ ಪಟ್ಟು, ಆದರೂ 150 ಡಾಲರ್ ಶುಲ್ಕ ಇಟ್ಟರು. ಕಂತಿನಲ್ಲಿ ಕಟ್ಟಿದರೂ ಸರಿ, ದಾನ ಅನ್ನಿಸಬಾರದು. ಹಬ್ಬಕ್ಕೊಮ್ಮೆ ತ್ರಿಚಕ್ರ ಸೈಕಲ್ ಹಂಚಿ, ಪಡೆದವರನ್ನು ಸಾಲಾಗಿ ಕೂಡಿಸಿ, ನಡುವೆ ಶಾಸಕರು ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿ ಬೆಳೆದ ನನಗೆ ಆ 150 ಡಾಲರಿನ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ.

ಶಾಲೆ ಕಟ್ಟುವುದು ಸುಲಭದ ಅರ್ಧ. ಕಷ್ಟದ ಅರ್ಧ ಬಾಗಿಲುಗಳದ್ದು. ಬೀದಿ ದಾಟಿಸುವ ನಾಯಿಯನ್ನು ಹೋಟೆಲಿನ ಬಾಗಿಲಲ್ಲಿ ತಡೆದರೆ ದಾಟಿ ಏನು ಬಂತು? ರೈಲಿನಲ್ಲಿ ನಾಯಿಯನ್ನು ಸಾಮಾನಿನ ಡಬ್ಬಿಗೆ ಹಾಕಬೇಕಿತ್ತು. ಊಟದ ಹೋಟೆಲುಗಳಲ್ಲಿ ಬೇಡ, ವಸತಿಯ ಹೋಟೆಲುಗಳಲ್ಲಿ ಬೇಡ. ನಿಯಮ ಎಲ್ಲರಿಗೂ ಒಂದೇ, ನಿನಗೆ ಮಾತ್ರ ಹೇಗೆ ಬಿಡೋದು ಅನ್ನುವ ಉತ್ತರ. ಈ ಉತ್ತರ ನೀವೂ ಕೇಳಿರುತ್ತೀರಿ, ಬೇರೆ ವಿಷಯಕ್ಕೆ. ಎಲ್ಲರಿಗೂ ಒಂದೇ ನಿಯಮ ಅಂದಾಗ ಆ ಎಲ್ಲರೂ ಯಾರು ಅಂತ ಕೇಳಬೇಕು. ಮೆಟ್ಟಿಲು ಎಲ್ಲರಿಗೂ ಒಂದೇ, ಗಾಲಿಕುರ್ಚಿಯವನಿಗೆ ಮಾತ್ರ ಅದು ಗೋಡೆ.

ಮೋರಿಸ್‌ನ ವಾದ ಸರಳವಾಗಿತ್ತು. ಇದು ನನ್ನ ಸಾಕುನಾಯಿ ಅಲ್ಲ, ನನ್ನ ಕಣ್ಣು. ನಿಮ್ಮ ಕನ್ನಡಕವನ್ನು ಬಾಗಿಲಲ್ಲಿ ಕಳಚಿಡಿ ಅಂತ ಯಾರೂ ಹೇಳುವುದಿಲ್ಲ. ವಾದ ಸರಳ, ಒಪ್ಪಿಸುವುದು ಬೇರೆ ಕೆಲಸ. ಅವನು ಕೋರ್ಟಿಗಿಂತ ಹೆಚ್ಚಾಗಿ ನಂಬಿದ್ದು ಓಡಾಟವನ್ನು. ಬಡ್ಡಿಯ ಜೊತೆ ಅಮೆರಿಕದ ಉದ್ದಗಲ ಸುತ್ತಿದ. ಸಭೆಗಳಲ್ಲಿ ಮಾತಾಡಿದ, ಕಂಪನಿಯ ದೊಡ್ಡವರನ್ನು ಕಂಡ, ಅಧ್ಯಕ್ಷರಾಗಿದ್ದ ಕೂಲಿಡ್ಜ್ ಮತ್ತು ಹೂವರ್ ಅವರನ್ನೂ ಭೇಟಿಯಾದ. ಒಂದು ಬಾಗಿಲು ಮುಚ್ಚಿದರೆ ಮತ್ತೆ ಬಂದು ತಟ್ಟಿದ. ವಿಮೆ ಮಾರಿದವನ ಹಟ ಅದು. ಬಡ್ಡಿಯೂ ಸುಮ್ಮನೆ ಮೇಜಿನ ಕೆಳಗೆ ಮಲಗಿ ಅವನ ಪರ ವಾದ ಮಾಡುತ್ತಿತ್ತು ಅನ್ನಬೇಕು. ಬೊಗಳದ, ತಟ್ಟೆಗೆ ಬಾಯಿ ಹಾಕದ ನಾಯಿಯನ್ನು ಕಂಡ ಮ್ಯಾನೇಜರುಗಳಿಗೆ ಹೇಳಲು ಕಾರಣ ಉಳಿಯುತ್ತಿರಲಿಲ್ಲ.

1935ರ ಹೊತ್ತಿಗೆ ಅಮೆರಿಕದ ರೈಲ್ವೆ ಕಂಪನಿಗಳೆಲ್ಲ ಗೈಡ್ ಡಾಗ್ ತನ್ನವರ ಜೊತೆಯೇ ಕೂರಬಹುದು ಅಂತ ಒಪ್ಪಿದವು. 1938ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದೊಳಗೆ ಬಿಟ್ಟುಕೊಂಡಿತು. ಬಡ್ಡಿಗೆ ಅಷ್ಟರಲ್ಲಿ ವಯಸ್ಸಾಗಿತ್ತು. ಮೋರಿಸ್ ಅದನ್ನು ಜೊತೆಗಿಟ್ಟುಕೊಂಡು ಹಾರಿದ. ಅದಾದ ಕೆಲವೇ ದಿನಕ್ಕೆ, ಮೇ 23ರಂದು, ಬಡ್ಡಿ ಸತ್ತಿತು. ಮುಂದೆ ಬಂದ ಐದು ನಾಯಿಗಳಿಗೂ ಅವನು ಇಟ್ಟದ್ದು ಅದೇ ಹೆಸರು.

1956ರಷ್ಟೊತ್ತಿಗೆ ಅಮೆರಿಕದ ಪ್ರತಿ ರಾಜ್ಯದಲ್ಲೂ ಸಾರ್ವಜನಿಕ ಸ್ಥಳಗಳಿಗೆ ಗೈಡ್ ಡಾಗ್ ಪ್ರವೇಶದ ಕಾನೂನು ಇತ್ತು. ಅದೇ ವರ್ಷ ಮೋರಿಸ್ ಶಾಲೆಯ ಕೆಲಸದಿಂದ ನಿವೃತ್ತನಾಗಿ ಮತ್ತೆ ವಿಮೆ ವ್ಯವಹಾರಕ್ಕೆ ಇಳಿದ. ಮರುವರ್ಷ ಬಡ್ಡಿಯ ಕಥೆಯನ್ನು ಇನ್ನೊಬ್ಬ ಲೇಖಕನ ಜೊತೆ ಸೇರಿ ಪುಸ್ತಕ ಮಾಡಿದ. 1980ರ ನವೆಂಬರ್ 22ರಂದು ತೀರಿಕೊಂಡ.

ಅವನು ತೀರಿಹೋದ ಹತ್ತು ವರ್ಷಕ್ಕೆ, 1990ರಲ್ಲಿ, ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ದೊಡ್ಡ ಕಾನೂನು ಬಂತು. ಅದರ ಪ್ರಕಾರ ಸರ್ವಿಸ್ ಡಾಗ್ ಅಂದರೆ ಕಣ್ಣು ಕಾಣದವರ ನಾಯಿ ಮಾತ್ರವಲ್ಲ. ಕಿವಿ ಕೇಳದವರಿಗೆ ಬಾಗಿಲು ಬಡಿದದ್ದನ್ನು ತಿಳಿಸುವ ನಾಯಿ, ಮೂರ್ಛೆ ಬಂದಾಗ ಕಾವಲಿರುವ ನಾಯಿ, ಗಾಲಿಕುರ್ಚಿ ಎಳೆಯುವ ನಾಯಿ ಎಲ್ಲ ಸೇರಿವೆ. ಷರತ್ತು ಒಂದೇ: ಆ ವ್ಯಕ್ತಿಯ ಅಂಗವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸ ಕಲಿತಿರಬೇಕು. ಜೊತೆಗಿದ್ದರೆ ಮನಸ್ಸಿಗೆ ಸಮಾಧಾನ ಅನ್ನುವಷ್ಟೇ ಆದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯವನು ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯೇ? ಏನು ಕೆಲಸ ಕಲಿತಿದೆ? ಸರ್ಟಿಫಿಕೇಟ್ ತೋರಿಸು, ನಿನ್ನ ಕಾಯಿಲೆ ಏನು ಹೇಳು ಅನ್ನುವಂತಿಲ್ಲ. ನಾಯಿ ಹತೋಟಿ ತಪ್ಪಿದರೆ, ಒಳಗೆ ಹೊಲಸು ಮಾಡಿದರೆ ಹೊರಗೆ ಕಳಿಸಬಹುದು, ಆದರೆ ಮನುಷ್ಯನಿಗೆ ಸೇವೆ ನಿಲ್ಲಿಸುವಂತಿಲ್ಲ. ಪಕ್ಕದವರಿಗೆ ನಾಯಿ ಅಂದರೆ ಭಯ, ಅಲರ್ಜಿ ಅನ್ನುವುದು ತಡೆಯಲು ಕಾರಣವಲ್ಲ, ಇಬ್ಬರಿಗೂ ದೂರ ದೂರ ಜಾಗ ಮಾಡಿಕೊಡಬೇಕು. ಪ್ರತಿಯೊಂದಕ್ಕೂ ಯುಡಿಐಡಿ ಕಾರ್ಡ್, ಜೆರಾಕ್ಸ್, ಸಹಿ ಅಂತ ಅಲೆದವರಿಗೆ ಆ ಎರಡು ಪ್ರಶ್ನೆಯ ಬೆಲೆ ಬೇರೆ ಹೇಳಬೇಕಿಲ್ಲ.

ನಮ್ಮಲ್ಲಿ? ನಾಯಿಗೆ ನಮ್ಮ ಸೀಮೆಯಲ್ಲಿ ಗೌರವ ಇಲ್ಲ ಅನ್ನುವಂತಿಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತನ ಪಟ ಕೊಂಡವರಿಗೆ ಗೊತ್ತು, ಪಾದದ ಬಳಿ ನಾಲ್ಕು ನಾಯಿ ನಿಂತಿರುತ್ತವೆ. ಅವು ನಾಲ್ಕು ವೇದ ಅಂತಾರೆ. ಪಟಕ್ಕೆ ಕೈ ಮುಗಿದ ಖಾನಾವಳಿಯವನೇ ಬಾಗಿಲಿಗೆ ಬಂದ ನಾಯಿಗೆ ಕಲ್ಲು ಬೀರುತ್ತಾನೆ. ಮುಧೋಳ ನಾಯಿಯ ಬಗ್ಗೆ ನಮಗೆಲ್ಲ ಅಭಿಮಾನ, ಸೈನ್ಯಕ್ಕೂ ಹೋಯ್ತು ಅಂತ ಎದೆಯುಬ್ಬಿಸುತ್ತೇವೆ. ಆದರೆ ಬಾಂಬು ಮೂಸುವ ನಾಯಿಗೆ ಬೇಕಾದದ್ದು ಬೇರೆ, ಒಬ್ಬ ಮನುಷ್ಯನ ಪಕ್ಕ ದಿನವಿಡೀ ನಡೆಯುವ ನಾಯಿಗೆ ಬೇಕಾದದ್ದು ಬೇರೆ.

ಕಣ್ಣು ಕಾಣದವರಿಗಾಗಿ ನಮ್ಮ ಕಡೆ ಏನೂ ನಡೆದೇ ಇಲ್ಲ ಅಂತಲೂ ಅಲ್ಲ. ಗದಗಿನ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಸಾವಿರಾರು ಮಕ್ಕಳ ಕೈಗೆ ಸಂಗೀತ ಕೊಟ್ಟರು, ಅನ್ನದ ದಾರಿ ಕೊಟ್ಟರು. ಅವರಿಬ್ಬರಿಗೂ ಕಣ್ಣಿರಲಿಲ್ಲ. ಅದು ಸಣ್ಣ ಕೆಲಸವಲ್ಲ. ಆದರೆ ಕಲಿತು ಬಂದವನು ತನ್ನ ಊರಿನಲ್ಲಿ ಮನೆಯಿಂದ ಕಿರಾಣಿ ಅಂಗಡಿಗೆ ಒಬ್ಬನೇ ಹೋಗಬೇಕಾದರೆ ಅದಕ್ಕೆ ರಸ್ತೆ ಬೇಕು, ನಿಯಮ ಬೇಕು. ಅದು ಗುರುಗಳ ಕೆಲಸವಲ್ಲ, ಪುರಸಭೆಯ ಕೆಲಸ.

ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು 2007ರಲ್ಲಿ ಅನುಮೋದಿಸಿತು. ನಡೆದಾಡಲು ಬೇಕಾದ ಸಾಧನಗಳ ಜೊತೆ ಜೀವಂತ ನೆರವನ್ನೂ ಅದು ಹೆಸರಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ, ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಿ ಎನ್ನುತ್ತದೆ. ಆದರೆ ಗೈಡ್ ಡಾಗ್‌ ಜೊತೆ ಬಂದವರನ್ನು ತಡೆಯಬಾರದು ಅಂತ ನೇರವಾಗಿ ಹೇಳುವ ಕಲಂ ಅದರಲ್ಲಿಲ್ಲ. ರೈಲಿನಲ್ಲಿ ಸಾಕುನಾಯಿಯನ್ನು ಜೊತೆ ಕೂಡಿಸಿಕೊಳ್ಳಬೇಕಾದರೆ ಫಸ್ಟ್ ಕ್ಲಾಸಿನ ಕೂಪೆ ಪೂರ್ತಿ ಬೇಕು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಗೂಡು. ಜನರಲ್ ಬೋಗಿಯಲ್ಲಿ ಓಡಾಡುವ ಜನರ ಊರಿನಲ್ಲಿ ಇದರ ಅರ್ಥ ಏನು ಅಂತ ನೀವೇ ಹೇಳಿ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರ ಸರಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಆ ಅರ್ಜಿ ಹಾಕಿದ್ದು 2005ರಲ್ಲಿ. ಹತ್ತೊಂಬತ್ತು ವರ್ಷ.

ನಾಳೆಯೇ ಜೇವರ್ಗಿಗೆ ಒಂದು ಗೈಡ್ ಡಾಗ್ ತಂದರೆ ಎಲ್ಲ ಸರಿ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ನಾಯಿ ನಡೆಯುವ ಫುಟ್‌ಪಾತ್ ಎಲ್ಲಿದೆ? ತೆರೆದ ಚರಂಡಿ, ಅಡ್ಡ ನಿಲ್ಲಿಸಿದ ಟಂಟಂ, ಓಣಿಗೆ ಹತ್ತು ಬೀದಿನಾಯಿ. ಹೊಸ ನಾಯಿ ಕಂಡರೆ ಅವು ಬಿಡುತ್ತಾವೇನು? 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಬಸ್ ಸ್ಟ್ಯಾಂಡು, ಆಸ್ಪತ್ರೆ, ಶಾಲೆಗಳಿಂದ ಬೀದಿನಾಯಿಗಳನ್ನು ತೆರವು ಮಾಡಿ ಅಂದಾಗ ಇಡೀ ದೇಶ ನಾಯಿಯ ಪರ, ವಿರೋಧ ಅಂತ ಎರಡಾಯಿತು. ಆ ಗದ್ದಲದಲ್ಲಿ ಕಣ್ಣು ಕಾಣದವರು ಆ ಬಸ್ ಸ್ಟ್ಯಾಂಡನ್ನು ಹೇಗೆ ದಾಟುತ್ತಾರೆ ಅಂತ ಕೇಳಿದವರು ನನಗಂತೂ ಸಿಗಲಿಲ್ಲ. ಇನ್ನು, ಕಣ್ಣು ಕಾಣದವರೆಲ್ಲರಿಗೂ ನಾಯಿ ಬೇಕು ಅಂತಲೂ ಇಲ್ಲ. ಬಿಳಿ ಕೋಲೇ ಸಾಕು ಅನ್ನುವವರು ಬಹಳ. ನಾಯಿಗೆ ದಿನಾ ಊಟ, ಆರೈಕೆ, ಡಾಕ್ಟರು ಬೇಕು. ಮೋರಿಸ್ ಉಳ್ಳವರ ಮನೆಯ ಹುಡುಗನಾಗಿದ್ದ ಅನ್ನುವುದನ್ನೂ ಮರೆಯಬಾರದು. ಆದರೆ ಕೋಲಿಗೂ, ನಾಯಿಗೂ, ಗಾಲಿಕುರ್ಚಿಗೂ ಅವನ ವಾದ ಒಂದೇ ರೀತಿ ಅನ್ವಯಿಸುತ್ತದೆ. ಮನುಷ್ಯನನ್ನು ಒಳಗೆ ಕರೆದು ಅವನು ನಡೆಯುವ ಸಾಧನವನ್ನು ಹೊರಗಿಡು ಅಂದರೆ ಕರೆದಂತಾಗಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಈ ಕಥೆಯನ್ನೆಲ್ಲ ಕಾಕಾಗೆ ಹೇಳಿದೆ. ಪಾರ್ಸಲ್ಲಿನ ಹಾಗೆ ಹಡಗಿನಲ್ಲಿ ಹೋದದ್ದಕ್ಕೆ ನಕ್ಕರು. ಕಿಸ್ ಅನ್ನುವ ಹೆಸರಿಗೆ ಇನ್ನೂ ಜೋರಾಗಿ ನಕ್ಕರು. ಕ್ಷೌರದಂಗಡಿಯ ಭಾಗ ಬಂದಾಗ ಸುಮ್ಮನಾದರು, ಆ ಮಾತು ಇನ್ನೊಮ್ಮೆ ಹೇಳು ಅಂದರು, ಹೇಳಿದೆ. ಆಮೇಲೆ ಇಂಥದೊಂದು ನಾಯಿ ನಮ್ಮ ಬಸ್ಸಿನಾಗ ಹತ್ತಿದರೆ ಏನು ಮಾಡ್ತಾರ ಅಂತ ಕೇಳಿದರು. ಸಾಕುನಾಯಿಗೆ ಅರ್ಧ ಟಿಕೆಟ್ ಅಂತ 2022ರಲ್ಲಿ ಕೆಎಸ್‌ಆರ್‌ಟಿಸಿ ಆದೇಶ ಮಾಡಿದೆ, ಮೊದಲು ಪೂರ್ತಿ ಟಿಕೆಟ್ ಇತ್ತು ಅಂದೆ. ಕಾಕಾ ಅಂಗಿಯ ಕಿಸೆಯಿಂದ ತಮ್ಮ ಉಚಿತ ಪಾಸ್ ತೆಗೆದು ಸವರಿದರು. ನಾನು ಪುಕ್ಕಟೆ, ನನ್ನ ಕಣ್ಣಿಗೆ ಅರ್ಧ ಟಿಕೆಟ್ಟೇನು ಅಂತ ಕೇಳಿ, ಪಾಸ್ ಮತ್ತೆ ಒಳಗಿಟ್ಟುಕೊಂಡರು.